ಗುಳಿಗೆಗೂ ಬಗ್ಗದ ದನಿಗಳಿಗೆ ಟಿಎಂಎಸ್: ಹುಬ್ಬಳ್ಳಿ-ಧಾರವಾಡ ಕಡೆಯ ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ತಮ್ಮ ರಾತ್ರಿ ಟಿವಿ ಜೋರಾಗಿ ಹಚ್ಚಿ ಅದರ ಪಕ್ಕಕ್ಕೇ ಕುಳಿತಿರುತ್ತಿದ್ದ. ಟಿವಿ ನೋಡೋಕಲ್ಲ. ಕಿವಿಯಲ್ಲಿ ಅವನನ್ನು ಬೈಯುತ್ತಿದ್ದ ಇಬ್ಬರು ಗಂಡಸರ ದನಿ ಆ ಸದ್ದಿನಲ್ಲಿ ಮುಳುಗಲಿ ಅಂತ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಅಂತ ಗೊತ್ತಾಗಿ ಆಗಲೇ ಆರು ವರ್ಷ ಕಳೆದಿತ್ತು. ಗುಳಿಗೆಯಿಂದ ಅನುಮಾನ ಕಡಿಮೆಯಾಯಿತು, ನಿದ್ದೆ ಬಂತು, ಊಟ ಸೇರಿತು. ದನಿಗಳು ಮಾತ್ರ ಹೋಗಲಿಲ್ಲ.

ಟಿಎಂಎಸ್ ಅನ್ನುವ ಮಾತು ನಮ್ಮ ಮನೆಗೆ ಬಂದದ್ದು ಆಗ. ತಲೆಯ ಮೇಲೆ ಆಯಸ್ಕಾಂತದ ಯಂತ್ರ ಇಟ್ಟು ಮಿದುಳಿನ ಒಂದು ಭಾಗವನ್ನು ತಟ್ಟುವ ಚಿಕಿತ್ಸೆ. ಅದರ ಬಗ್ಗೆ ಕನ್ನಡದಲ್ಲಿ ಸರಿಯಾಗಿ ತಿಳಿಸಿ ಹೇಳುವವರು ಆಗ ನಮಗೆ ಸಿಗಲಿಲ್ಲ. ಕೇಳಿ, ಓದಿ, ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಮನೆಯ ಅಕ್ಕ. ಚಿಕಿತ್ಸೆ ಬೇಕೋ ಬೇಡವೋ ಅಂತ ನಿಮ್ಮ ಮನೋವೈದ್ಯರ ಜೊತೆ ಕೂತೇ ತೀರ್ಮಾನಿಸಬೇಕು. ಆದರೆ ಅವರ ಮುಂದೆ ಕೂರುವ ಮೊದಲು ಏನು ಗೊತ್ತಿರಬೇಕು, ಏನು ಕೇಳಬೇಕು, ಮನೆಯಲ್ಲಿ ಏನು ತಯಾರಿ ಬೇಕು ಅನ್ನೋದನ್ನು ನಾನು ಹೇಳಬಲ್ಲೆ.

ಹೆಜ್ಜೆ 1: ಯಂತ್ರ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಹೊಲದ ಪಂಪ್‌ಸೆಟ್ ಮೋಟರ್ ಸುಟ್ಟಾಗ ವೈಂಡಿಂಗ್ ಅಂಗಡಿಗೆ ಒಯ್ದವರು ತಾಮ್ರದ ತಂತಿಯ ಸುರುಳಿ ನೋಡಿರುತ್ತೀರಿ. ಟಿಎಂಎಸ್ ಯಂತ್ರದ ಜೀವವೂ ಅಂಥದೇ ಒಂದು ಸುರುಳಿ. ಹೆಚ್ಚಾಗಿ ಇಂಗ್ಲಿಷ್ ಎಂಟರ ಅಂಕಿಯ ಆಕಾರದಲ್ಲಿ, ಪ್ಲಾಸ್ಟಿಕ್ ಕವಚದೊಳಗೆ ಇರುತ್ತದೆ. ಅದರಲ್ಲಿ ಕ್ಷಣದ ಸಣ್ಣ ಭಾಗದಷ್ಟು ಹೊತ್ತು ಜೋರಾಗಿ ಕರೆಂಟ್ ಹರಿಸುತ್ತಾರೆ. ಸುತ್ತ ಆಯಸ್ಕಾಂತದ ಕ್ಷೇತ್ರ ಹುಟ್ಟುತ್ತದೆ. ಅದು ಚರ್ಮ, ಎಲುಬು ದಾಟಿ ಒಳಗೆ ಹೋಗಿ ಮಿದುಳಿನ ಮೇಲ್ಪದರದಲ್ಲಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಒಳಗೆ ಮುಟ್ಟುವುದು 2-3 ಸೆಂಟಿಮೀಟರ್ ಅಷ್ಟೇ. ಈ ತತ್ವವನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಕೊಂಡಿದ್ದರು. ಮನುಷ್ಯರ ಮಿದುಳಿಗೆ ಬಳಸುವ ಯಂತ್ರ ಬಂದದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಆಂಥನಿ ಬಾರ್ಕರ್ ಮತ್ತು ಅವರ ಜೊತೆಗಾರರಿಂದ.

ಒಂದು ತಟ್ಟಿಗೆ ಚಿಕಿತ್ಸೆ ಆಗುವುದಿಲ್ಲ. ಮತ್ತೆ ಮತ್ತೆ ತಟ್ಟಬೇಕು. ಚೀಟಿಯಲ್ಲಿ ಆರ್‌ಟಿಎಂಎಸ್ ಅಂತ ಬರೆದಿರುವುದು ಅದಕ್ಕೇ, ಆರ್ ಅಂದರೆ ರಿಪಿಟಿಟಿವ್, ಮತ್ತೆ ಮತ್ತೆ. ಸೆಕೆಂಡಿಗೆ ಒಂದರಂತೆ ನಿಧಾನ ತಟ್ಟಿದರೆ ಆ ಜಾಗದ ಚಟುವಟಿಕೆ ತಗ್ಗುತ್ತದೆ, ಸೆಕೆಂಡಿಗೆ 10 ಅಥವಾ 20 ಸಲ ತಟ್ಟಿದರೆ ಚುರುಕಾಗುತ್ತದೆ ಅನ್ನೋದು ಮೂಲ ಲೆಕ್ಕ. ಎಲ್ಲರ ಮಿದುಳೂ ಈ ಲೆಕ್ಕದಂತೆ ನಡೆಯುವುದಿಲ್ಲ. ಆದರೂ ಚಿಕಿತ್ಸೆ ನಿಂತಿರುವುದು ಇದರ ಮೇಲೆ.

ನಮ್ಮ ಅವ್ವ ಇದನ್ನು ಕೇಳಿದ ಕೂಡಲೇ ಹೆದರಿದಳು. "ಕರೆಂಟ್ ಶಾಕ್ ಕೊಡ್ತಾರೇನ?" ಅಂದಳು. ಬಹಳ ಮನೆಗಳಲ್ಲಿ ಇದೇ ಮೊದಲ ಪ್ರಶ್ನೆ. ಅವ್ವ ಹೇಳುವ ಶಾಕ್ ಅಂದರೆ ಇಸಿಟಿ. ಅದು ಬೇರೆ ಚಿಕಿತ್ಸೆ. ಅದಕ್ಕೆ ಅರಿವಳಿಕೆ ಬೇಕು, ಉಪವಾಸ ಇರಬೇಕು, ಮಿದುಳಿನಲ್ಲಿ ಬೇಕಂತಲೇ ಫಿಟ್ಸ್ ಬರಿಸುತ್ತಾರೆ. ಟಿಎಂಎಸ್‌ನಲ್ಲಿ ಎಚ್ಚರವಿದ್ದು ಕುರ್ಚಿಯಲ್ಲಿ ಕೂರುತ್ತಾರೆ, ನಾಷ್ಟಾ ಮಾಡಿ ಬರುತ್ತಾರೆ, ಮುಗಿದ ಮೇಲೆ ಎದ್ದು ಬಸ್ ಹತ್ತುತ್ತಾರೆ. ಹಾಗಂತ ಇಸಿಟಿ ಕೆಟ್ಟದ್ದು ಅಂದುಕೊಳ್ಳಬೇಡಿ. ಅನ್ನ-ನೀರು ಬಿಟ್ಟು ಕಲ್ಲಿನಂತೆ ಕೂತವರನ್ನು ಅದು ಉಳಿಸಿದೆ. ಯಾವುದು ಯಾರಿಗೆ ಅನ್ನೋದು ಡಾಕ್ಟರ ಮಾತು.

ಹೆಜ್ಜೆ 2: ನಿಮ್ಮ ಮನೆಯವರ ತೊಂದರೆಗೆ ಇದು ಹೊಂದುತ್ತದೆಯೇ?

ಇಲ್ಲಿ ಸ್ವಲ್ಪ ನಿಧಾನ ಓದಿ. ಹಣ ಮತ್ತು ನಿರೀಕ್ಷೆ ಎರಡೂ ಜಾಸ್ತಿ ಕಳೆದುಹೋಗುವುದು ಇಲ್ಲೇ.

ಸ್ಕಿಜೋಫ್ರೇನಿಯಾದಲ್ಲಿ ಟಿಎಂಎಸ್ ಬಳಸಿ ನೋಡಿರುವುದು ಮುಖ್ಯವಾಗಿ ಎರಡು ತೊಂದರೆಗಳಿಗೆ. ಮೊದಲನೆಯದು, ಯಾರೂ ಇಲ್ಲದೆ ಮಾತು ಕೇಳಿಸುವುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಲ್ಫ್ ಹಾಫ್‌ಮನ್ ಮತ್ತು ಅವರ ತಂಡ 1999-2000ರ ಹೊತ್ತಿಗೆ ಎಡ ಕಿವಿಯ ಮೇಲೆ ಸ್ವಲ್ಪ ಹಿಂದೆ, ಮಾತನ್ನು ಗ್ರಹಿಸುವ ಭಾಗದ ಮೇಲೆ ಸೆಕೆಂಡಿಗೆ ಒಂದರಂತೆ ತಟ್ಟಿ, ಕೆಲವರಿಗೆ ದನಿಗಳು ಕಡಿಮೆಯಾದದ್ದನ್ನು ತೋರಿಸಿದರು. ದನಿ ಕೇಳಿಸುವಾಗ ಮಾತಿಗೆ ಸಂಬಂಧಪಟ್ಟ ಈ ಭಾಗ ಅತಿಯಾಗಿ ಕೆಲಸ ಮಾಡುತ್ತಿರುತ್ತದೆ, ಅದನ್ನು ಶಾಂತ ಮಾಡೋಣ ಅನ್ನೋದು ಅವರ ಯೋಚನೆ. ಎರಡನೆಯದು, ಮನುಷ್ಯ ಮಂಕಾಗಿ ಕೂತುಬಿಡುವುದು. ಮಾತಿಲ್ಲ, ಸ್ನಾನ ಬೇಡ, ಯಾವುದರಲ್ಲೂ ಆಸೆ ಇಲ್ಲ. ಇದಕ್ಕೆ ಹಣೆಯ ಎಡಭಾಗದ ಹಿಂದಿನ ಮಿದುಳನ್ನು ವೇಗವಾಗಿ ತಟ್ಟುತ್ತಾರೆ.

"ಪಕ್ಕದ ಮನೆಯವರು ನನಗೆ ವಿಷ ಹಾಕ್ತಾರೆ" ಅನ್ನುವಂಥ ಗಟ್ಟಿ ನಂಬಿಕೆಗೆ, ಸಿಟ್ಟು-ರಂಪಾಟಕ್ಕೆ ಇದು ಮದ್ದಲ್ಲ.

ಕೆಲಸ ಮಾಡುತ್ತದೆಯೇ? ಕೆಲವರಿಗೆ, ಸ್ವಲ್ಪ ಮಟ್ಟಿಗೆ. ಸಂಶೋಧನೆಗಳ ಫಲ ಒಂದೇ ಥರ ಇಲ್ಲ. ಕೆಲವು ಪರೀಕ್ಷೆಗಳಲ್ಲಿ, ಹೋಲಿಸಿ ನೋಡಲು ನಿಜಕ್ಕೂ ತಟ್ಟದ ಸುಳ್ಳು ಯಂತ್ರ ಇಟ್ಟವರಿಗಿಂತ ನಿಜ ಯಂತ್ರ ಇಟ್ಟವರಿಗೆ ಹೆಚ್ಚು ಲಾಭ ಕಂಡಿದೆ. ಆದರೆ ಜರ್ಮನಿಯಲ್ಲಿ 175 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಮಂಕುತನಕ್ಕೆ ಕೊಟ್ಟ ಟಿಎಂಎಸ್‌ಗೂ ಸುಳ್ಳು ಟಿಎಂಎಸ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟಿಎಂಎಸ್‌ಗೆ ಖಿನ್ನತೆಗಾಗಿ 2008ರಲ್ಲಿ, ಗೀಳು ಕಾಯಿಲೆಗಾಗಿ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ಕಿಜೋಫ್ರೇನಿಯಾಕ್ಕೆ ಅಂಥ ಒಪ್ಪಿಗೆ ಕೊಟ್ಟಿಲ್ಲ. ಬೇರೆ ದಾರಿ ಸಾಲದಾದಾಗ, ಗುಳಿಗೆಯ ಜೊತೆಗೆ, ಡಾಕ್ಟರು ತಮ್ಮ ಅನುಭವದ ಮೇಲೆ ಕೊಡುವ ಚಿಕಿತ್ಸೆ ಇದು. ನಾನು ಇದನ್ನು ನಿಮ್ಮ ಆಸೆ ಮುರಿಯಲು ಹೇಳುತ್ತಿಲ್ಲ. ಪವಾಡ ಅಂತ ನಂಬಿ ಹೋದವರು ಅರ್ಧಕ್ಕೇ ಕೈಬಿಡುತ್ತಾರೆ. ಗೊತ್ತಿದ್ದು ಹೋದವರು ಕೊನೆಯವರೆಗೆ ಕೂರುತ್ತಾರೆ.

ಟಿಎಂಎಸ್‌ಗಿಂತ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: "ಕ್ಲೋಜಪಿನ್ ಕೊಟ್ಟು ನೋಡಬಹುದಾ ಡಾಕ್ಟ್ರೇ?" ಎರಡು ಬೇರೆ ಬೇರೆ ಗುಳಿಗೆಗಳನ್ನು ಸರಿಯಾದ ಪ್ರಮಾಣದಲ್ಲಿ, ತಲಾ 6 ವಾರವಾದರೂ ತಪ್ಪದೆ ನುಂಗಿಯೂ ಗುಣ ಕಾಣದಿದ್ದರೆ, ಮುಂದಿನ ಮೆಟ್ಟಿಲು ಅಂತ ಜಗತ್ತಿನ ಮನೋವೈದ್ಯರು ಒಪ್ಪಿರುವುದು ಕ್ಲೋಜಪಿನ್. ರಕ್ತದ ಬಿಳಿ ಕಣ ಕಡಿಮೆ ಆಗಬಹುದು ಅಂತ ಶುರುವಿನ ತಿಂಗಳುಗಳಲ್ಲಿ ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸಬೇಕು. ಆ ಓಡಾಟಕ್ಕೆ ಬೇಸತ್ತು ಅದನ್ನು ಬಿಟ್ಟು ಯಂತ್ರದ ಕಡೆ ಹೊರಡಬೇಡಿ. ಹಾಗೆಯೇ ನಿಮ್ಮ ಮನೆಯವರು ನಿಜಕ್ಕೂ ಗುಳಿಗೆ ನುಂಗುತ್ತಿದ್ದಾರಾ ಅಂತ ನೋಡಿ. ನಮ್ಮ ತಮ್ಮನ ಹಾಸಿಗೆ ಒದರಿದಾಗ ಕೆಳಗೆ ಹನ್ನೊಂದು ಗುಳಿಗೆ ಸಿಕ್ಕಿದ್ದವು.

ಹೆಜ್ಜೆ 3: ಯಾರಿಗೆ ಬೇಡ?

ತಲೆಯೊಳಗೆ ಲೋಹ ಇದ್ದರೆ ಆಗುವುದಿಲ್ಲ. ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಹಳೆಯ ಅಪಘಾತದಲ್ಲಿ ಹೊಕ್ಕ ಚೂರು ಇಂಥವು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಹಲ್ಲಿಗೆ ತುಂಬಿಸಿದ ಸಿಮೆಂಟು-ಬೆಳ್ಳಿಯಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಕಬ್ಬಿಣದ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿದವರಿಗೆ ಕಣ್ಣಲ್ಲಿ ಚೂರು ಉಳಿದಿರಬಹುದು. ಅದನ್ನೂ ಹೇಳಿ.

ದೊಡ್ಡ ವಿಷಯ ಫಿಟ್ಸ್. ಟಿಎಂಎಸ್ ಕೊಡುವಾಗ ಫಿಟ್ಸ್ ಬರುವುದು ಅಪರೂಪ, ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಈ ಮೊದಲು ಫಿಟ್ಸ್ ಬಂದವರಿಗೆ, ತಲೆಗೆ ಜೋರು ಪೆಟ್ಟು ಬಿದ್ದವರಿಗೆ, ನಿದ್ದೆಗೆಟ್ಟವರಿಗೆ, ದಿನಾ ಕುಡಿದು ಒಮ್ಮೆಗೇ ನಿಲ್ಲಿಸಿದವರಿಗೆ ಅಪಾಯ ಹೆಚ್ಚು. ಕ್ಲೋಜಪಿನ್ ಕೂಡ, ಅದರಲ್ಲೂ ಪ್ರಮಾಣ ಜಾಸ್ತಿ ಇದ್ದಾಗ, ಫಿಟ್ಸ್ ಬರುವ ಮಿತಿಯನ್ನು ತಗ್ಗಿಸುತ್ತದೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಟಿಎಂಎಸ್ ಕೊಡಲೇಬಾರದು ಅಂತ ಇಲ್ಲ. ನನ್ನ ತಮ್ಮ ಕ್ಲೋಜಪಿನ್ ಮೇಲೆ ಇದ್ದೇ ಮಾಡಿಸಿಕೊಂಡ. ಡಾಕ್ಟರಿಗೆ ಮಿಲಿಗ್ರಾಂ ಸಮೇತ ಗೊತ್ತಿರಬೇಕು, ಅಷ್ಟೇ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬೀಡಿ-ಸಿಗರೇಟು ಸೇದುವವರು ಒಮ್ಮೆಗೇ ಬಿಟ್ಟರೆ ರಕ್ತದಲ್ಲಿ ಕ್ಲೋಜಪಿನ್ ಮಟ್ಟ ಏರುತ್ತದೆ. ಬೀಗರ ಮನೆಯಲ್ಲಿ ಉಳಿದುಕೊಂಡು, ಮರ್ಯಾದೆಗೆ ಬೀಡಿ ಬಿಟ್ಟರೂ ಅಷ್ಟೇ. ಬಿಡುವುದು ಒಳ್ಳೆಯದೇ, ಡಾಕ್ಟರಿಗೆ ಹೇಳಿ ಬಿಡಿ.

ಬಸುರಿಯರು, ಹದಿನೆಂಟು ತುಂಬದವರು ಇದ್ದರೆ ನಿರ್ಧಾರ ಪೂರ್ತಿ ಬೇರೆ. ಅದನ್ನು ಡಾಕ್ಟರ ಜೊತೆ ಬಿಡಿಸಿ ಮಾತಾಡಿ.

ಹೆಜ್ಜೆ 4: ಎಲ್ಲಿಗೆ ಹೋಗೋದು, ಏನು ಕೇಳೋದು

ನಮ್ಮ ಕಡೆ ಮಕ್ಕಳು ಮೊಂಡುತನ ಮಾಡಿದರೆ "ನಿನ್ನ ಧಾರವಾಡಕ್ಕ ಕಳಸ್ತೀನಿ" ಅನ್ನುವ ಮಾತಿದೆ. ಆ ಒಂದು ಮಾತು ಎಷ್ಟು ಜನರನ್ನು ಆಸ್ಪತ್ರೆಯ ಗೇಟಿನಿಂದ ದೂರ ಇಟ್ಟಿದೆ ಅಂತ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಧಾರವಾಡದ ಡಿಮ್ಹಾನ್ಸ್ ಈ ಸೀಮೆಯ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಗದಗ, ಹಾವೇರಿ, ಹುಬ್ಬಳ್ಳಿಯವರೆಲ್ಲ ಅಲ್ಲಿಗೆ ಬರುತ್ತಾರೆ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅಂತಿದ್ದ, ಈಗ ಕೆಎಂಸಿ-ಆರ್‌ಐ ಅನ್ನುವ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಶಿರಹಟ್ಟಿ, ಹಾನಗಲ್ ಕಡೆಯವರು ಮೊದಲು ಅಲ್ಲಿ ತೋರಿಸಿ ಚೀಟಿ ಬರೆಸಿಕೊಂಡರೆ ದೊಡ್ಡ ಊರಿನ ಅಲೆದಾಟ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು ಪ್ರಚೋದನೆಯ ಚಿಕಿತ್ಸೆ, ಸಂಶೋಧನೆ ಎರಡೂ ವರ್ಷಗಳಿಂದ ನಡೆದಿವೆ.

ಎಲ್ಲಿಗೇ ಆಗಲಿ, ಹೊರಡುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ. ಟಿಎಂಎಸ್ ಯಂತ್ರ ಈಗ ನಡೆಯುತ್ತಿದೆಯಾ? ಸ್ಕಿಜೋಫ್ರೇನಿಯಾದ ದನಿಗಳಿಗೆ ಕೊಡುತ್ತೀರಾ, ಬರೀ ಖಿನ್ನತೆಗಾ? ಯಾವ ದಿನ ಯಾವ ಡಾಕ್ಟರು ಸಿಗುತ್ತಾರೆ? ಯಂತ್ರ ಇದ್ದ ಮಾತ್ರಕ್ಕೆ ಆಗಲಿಲ್ಲ. ನಡೆಸಲು ಕಲಿತವರು ಬೇಕು, ಫಿಟ್ಸ್ ಬಂದರೆ ನೋಡಿಕೊಳ್ಳುವ ಡಾಕ್ಟರು ಪಕ್ಕದಲ್ಲೇ ಇರಬೇಕು.

ಡಾಕ್ಟರ ಮುಂದೆ ಕೂತಾಗ ಇವನ್ನು ಕೇಳಿ ಬರೆದುಕೊಳ್ಳಿ: ತಲೆಯ ಯಾವ ಭಾಗಕ್ಕೆ ಕೊಡುತ್ತೀರಿ, ಸೆಕೆಂಡಿಗೆ ಎಷ್ಟು ತಟ್ಟು, ಒಟ್ಟು ಎಷ್ಟು ಸಿಟ್ಟಿಂಗ್, ಲಾಭ ಇದೆಯೋ ಇಲ್ಲವೋ ಅಂತ ಯಾವಾಗ ಹೇಗೆ ಅಳೆಯುತ್ತೀರಿ, ಒಂದು ದಿನ ತಪ್ಪಿದರೆ ಏನು. ಪೂರ್ತಿ ಖರ್ಚು ಎಷ್ಟು ಅನ್ನೋದನ್ನು ಕಾಗದದ ಮೇಲೆ ಬರೆಸಿ. ಒಂದು ಸಿಟ್ಟಿಂಗಿನ ರೇಟು ಕಡಿಮೆ ಅನ್ನಿಸಿದರೂ ಇಪ್ಪತ್ತರಿಂದ ಗುಣಿಸಿದಾಗ ಬೇರೆಯೇ ಕಾಣುತ್ತದೆ. ಆಯುಷ್ಮಾನ್ ಕಾರ್ಡ್ ಇದ್ದರೆ ನಡೆಯುತ್ತದೆಯಾ ಅಂತ ಆಸ್ಪತ್ರೆಯ ಯೋಜನೆ ಕೌಂಟರಿನಲ್ಲೇ ಕೇಳಿ. ಖಾಸಗಿ ವಿಮೆ ಇದ್ದವರು ನೆನಪಿಡಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ದೈಹಿಕ ಕಾಯಿಲೆಗೆ ಹೇಗೋ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು.

ಒಂದು ಕಡೆ ನಾವು ಮೋಸ ಹೋದೆವು. ಹೆಸರು ಬೇಡ. "ಇಪ್ಪತ್ತು ಸಿಟ್ಟಿಂಗ್ ಆದ್ರ ಗುಳಿಗಿ ಬಂದ್ ಮಾಡಬಹುದ್ರಿ, ಗ್ಯಾರಂಟಿ" ಅಂದರು. ಅವ್ವ ಅದನ್ನು ನಂಬಿ ಸಿಟ್ಟಿಂಗ್ ಶುರುವಾಗುವ ಮೊದಲೇ ನಾಲ್ಕು ದಿನ ಕ್ಲೋಜಪಿನ್ ನಿಲ್ಲಿಸಿಬಿಟ್ಟಳು. ತಮ್ಮ ನಿದ್ದೆ ಬಿಟ್ಟ, ಗೋಡೆಗೆ ಕಿವಿ ಕೊಟ್ಟು ನಿಲ್ಲಲು ಶುರು ಮಾಡಿದ. ಎರಡು ದಿನಕ್ಕಿಂತ ಜಾಸ್ತಿ ಕ್ಲೋಜಪಿನ್ ತಪ್ಪಿದರೆ ಹಳೆಯ ಪ್ರಮಾಣವನ್ನೇ ನೇರ ನುಂಗುವಂತಿಲ್ಲ, ಸಣ್ಣ ಪ್ರಮಾಣದಿಂದ ಮತ್ತೆ ಏರಿಸಿಕೊಂಡು ಹೋಗಬೇಕು. ನಮ್ಮ ಹಳೆಯ ಡಾಕ್ಟರು ಮೊದಲಿನಿಂದ ಏರಿಸಿದರು. ಒಂದು ತಿಂಗಳು ಅದಕ್ಕೇ ಹೋಯಿತು. ಗ್ಯಾರಂಟಿ ಅಂದವರ ಕಡೆಯಿಂದ ಎದ್ದು ಬನ್ನಿ. ಗುಳಿಗೆ ನಿಲ್ಲಿಸಿ ಅಂದವರ ಕಡೆಯಿಂದ ಓಡಿ ಬನ್ನಿ.

ಹೆಜ್ಜೆ 5: ದನಿಗಳ ಪಟ್ಟಿ ಬರೆಯಿರಿ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಮನೆಯವರ ಕೈಯಲ್ಲಿರುವ ದೊಡ್ಡ ಹೆಜ್ಜೆ ಇದೇ. ಯಂತ್ರ ಅವರದು, ಲೆಕ್ಕ ನಮ್ಮದು.

ಸಿಟ್ಟಿಂಗ್ ಶುರುವಾಗುವ ಎರಡು ವಾರ ಮೊದಲೇ ಒಂದು ಸಣ್ಣ ನೋಟ್‌ಬುಕ್ ಇಡಿ. ನಾನು ಇಟ್ಟದ್ದು ಹಾಲಿನ ಲೆಕ್ಕದ ಪುಸ್ತಕ. ದಿನಾ ಒಂದೇ ಹೊತ್ತಿಗೆ, ನಮ್ಮಲ್ಲಿ ರಾತ್ರಿ ರೊಟ್ಟಿ ಊಟ ಆದ ಮೇಲೆ, ತಮ್ಮನನ್ನು ನಾಲ್ಕು ಮಾತು ಕೇಳುತ್ತಿದ್ದೆ. ಇವತ್ತು ಎಷ್ಟು ಸಲ ಬಂತು? ಎಷ್ಟು ಹೊತ್ತು ಇತ್ತು? ಎಷ್ಟು ಜೋರಿತ್ತು, 0ಯಿಂದ 10ರೊಳಗೆ? ಎಷ್ಟು ತ್ರಾಸು ಕೊಟ್ಟಿತು, ಅದೂ 10ರೊಳಗೆ? ಕೊನೆಯ ಎರಡನ್ನು ಬೇರೆ ಬೇರೆ ಕೇಳಲೇಬೇಕು. ದನಿ ಅಷ್ಟೇ ಜೋರಿದ್ದರೂ ತ್ರಾಸು ಕಡಿಮೆ ಆಗುವುದುಂಟು. "ಅವರು ಮಾತಾಡ್ತಾರ, ನಾ ಚಾ ಕುಡೀತೀನಿ" ಅಂತ ತಮ್ಮ ಒಂದು ದಿನ ಹೇಳಿದ. ಆ ದಿನ ಜೋರು 7, ತ್ರಾಸು 3. ಒಂದೇ ಅಂಕಿ ಬರೆದಿದ್ದರೆ ಅದು ಕಾಣುತ್ತಿರಲಿಲ್ಲ.

ಕೇಳುವ ರೀತಿ ಮುಖ್ಯ. "ಇನ್ನೂ ಕೇಳಸ್ತೈತೇನ?" ಅಂತ ಬೇಸರದಿಂದ ಕೇಳಿದರೆ "ಇಲ್ಲ" ಅಂದು ಎದ್ದು ಹೋಗುತ್ತಾರೆ. ಅದು ಸುಳ್ಳು, ಬರೀ ಭ್ರಮೆ ಅಂತ ವಾದ ಮಾಡಬೇಡಿ. ಅವರಿಗೆ ಅದು ನಿಜಕ್ಕೂ ಕಿವಿಯಲ್ಲಿ ಬೀಳುವ ಮಾತು. ಒಪ್ಪಿಕೊಂಡಂತೆ ನಟಿಸೋದೂ ಬೇಡ. "ನನಗ ಕೇಳ್ಸಂಗಿಲ್ಲ, ನಿನಗ ಎಷ್ಟು ತ್ರಾಸ ಆತು ಹೇಳು" ಅಂದರೆ ಸಾಕು. ದನಿ ಏನು ಹೇಳಿತು ಅಂತ ದಿನಾ ಕೆದಕಬೇಡಿ. ಒಂದನ್ನು ಮಾತ್ರ ತಪ್ಪದೆ ಕೇಳಿ: ನಿನಗಾಗಲಿ ಬೇರೆಯವರಿಗಾಗಲಿ ಏನಾದರೂ ಮಾಡು ಅಂತ ಹೇಳುತ್ತಿದೆಯಾ? ಹೌದು ಅಂದರೆ ಪುಸ್ತಕ ಮುಚ್ಚಿ, ಅದೇ ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೈಮೀರಿದರೆ 112 ಅಥವಾ 108.

ಗುಳಿಗೆ, ನಿದ್ದೆ ಮತ್ತು ಬೀಡಿಯ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಡಾಕ್ಟರು ತಮ್ಮದೇ ಅಳತೆಪಟ್ಟಿ ಬಳಸುತ್ತಾರೆ. ಪ್ಯಾನ್ಸ್ ಅನ್ನುವುದರಲ್ಲಿ 30 ಅಂಶ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಅದು ಆಸ್ಪತ್ರೆಯಲ್ಲಿ ಮಾಡುವಂಥದ್ದು. ನಿಮ್ಮ ಪುಸ್ತಕ ಅದರ ಜೊತೆ ಸೇರಿದರೆ ಡಾಕ್ಟರಿಗೆ ಇಡೀ ತಿಂಗಳು ಕಾಣುತ್ತದೆ. ಮಂಕುತನಕ್ಕೆ ಮಾಡಿಸುವವರು ದನಿಯ ಬದಲು ಬೇರೆ ಬರೆಯಿರಿ: ಹೇಳದೆ ಸ್ನಾನ ಮಾಡಿದರಾ, ತಾವಾಗೇ ಎಷ್ಟು ಸಲ ಮಾತಾಡಿದರು, ಮನೆಯಿಂದ ಹೊರಗೆ ಕಾಲಿಟ್ಟರಾ.

ಹೆಜ್ಜೆ 6: ಅವರನ್ನೇ ಕೇಳಿ

ಯಾರೋ ತನ್ನ ತಲೆಗೆ ಕರೆಂಟ್ ಬಿಡುತ್ತಿದ್ದಾರೆ, ಚಿಪ್ ಇಟ್ಟಿದ್ದಾರೆ ಅಂತ ವರ್ಷಗಟ್ಟಲೆ ಹೆದರಿದ ಮನುಷ್ಯನನ್ನು ಯಂತ್ರದ ಕೆಳಗೆ ಕೂರಿಸುತ್ತಿದ್ದೇವೆ. ಇದನ್ನು ಮರೆತರೆ ಎಲ್ಲ ಕೆಡುತ್ತದೆ. "ತಲೆನೋವಿಗೆ ಮಷೀನು" ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಸುಳ್ಳು ಗೊತ್ತಾದ ದಿನ ನಂಬಿಕೆಯೂ ಹೋಗುತ್ತದೆ, ಗುಳಿಗೆಯೂ ನಿಲ್ಲುತ್ತದೆ.

ನಾವು ಮಾಡಿದ್ದು ಇಷ್ಟು. ಸಿಟ್ಟಿಂಗಿಗೆ ಒಂದು ವಾರ ಮೊದಲು ಸುಮ್ನೆ ಯಂತ್ರ ನೋಡಲು ಕರೆದೊಯ್ದೆವು. ಟೆಕ್ನೀಷಿಯನ್ ಮೊದಲು ಸುರುಳಿಯನ್ನು ನನ್ನ ಮುಂಗೈ ಮೇಲೆ ಇಟ್ಟು ಒಂದು ತಟ್ಟು ಕೊಟ್ಟರು. ಟಕ್ ಅಂತ ಸದ್ದು, ಬೆರಳು ಜಿಗಿಯಿತು. ತಮ್ಮ ನಕ್ಕ. ಆಮೇಲೆ ತಾನೇ ಕೈ ಚಾಚಿದ. ಏನನ್ನೂ ಒಳಗೆ ಇಡುವುದಿಲ್ಲ, ಸ್ವಿಚ್ ಆರಿಸಿದರೆ ಆಯಸ್ಕಾಂತವೂ ಹೋಯಿತು, ಯಂತ್ರಕ್ಕೆ ಯಾರ ಮನಸ್ಸೂ ಓದಲು ಬರುವುದಿಲ್ಲ ಅಂತ ಅವರು ಬಿಡಿಸಿ ಹೇಳಿದರು. ನಿನಗೆ ಬೇಡ ಅನ್ನಿಸಿದರೆ ಕೈ ಎತ್ತು, ತಕ್ಷಣ ನಿಲ್ಲಿಸುತ್ತೇವೆ ಅಂದರು. ಆ ಮಾತು ಅವನನ್ನು ಕೂರಿಸಿತು.

ಕಾನೂನೂ ಇದನ್ನೇ ಹೇಳುತ್ತದೆ. ತಿಳಿದು ನಿರ್ಧರಿಸುವ ಶಕ್ತಿ ಇರುವವರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಒಪ್ಪಿಗೆ ಕೊಟ್ಟ ಮೇಲೂ ಹಿಂತೆಗೆದುಕೊಳ್ಳಬಹುದು. ತಮ್ಮ ಪರವಾಗಿ ನಿಲ್ಲುವವರನ್ನು ಅವರೇ ಬರೆದು ನೇಮಿಸಬಹುದು. ಹಾಳೆ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ. ಸಂಕೋಚ ಬೇಡ.

ಹೆಜ್ಜೆ 7: ಓಡಾಟದ ಲೆಕ್ಕ

ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಎರಡರಿಂದ ನಾಲ್ಕು ವಾರ. ದಿನಾ ಅರ್ಧ ಗಂಟೆಯ ಕೆಲಸಕ್ಕೆ ದಿನಾ ಹೋಗಬೇಕು. ಹುಬ್ಬಳ್ಳಿ-ಧಾರವಾಡದೊಳಗೆ ಚಿಗರಿ ಬಸ್ ಇರುವುದರಿಂದ ಕಷ್ಟವಿಲ್ಲ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಇನ್ನೂ ಜಾಸ್ತಿ. ದಿನಾ ಹೋಗಿ ಬಂದರೆ ರೋಗಿ ದಣಿಯುತ್ತಾರೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಡಬಾರದು ಅನ್ನೋದನ್ನು ಮೇಲೆ ಹೇಳಿದೆನಲ್ಲ. ಸಾಧ್ಯವಾದರೆ ಸಂಬಂಧಿಕರ ಮನೆಯಲ್ಲಿ ಉಳಿಯಿರಿ, ಇಲ್ಲವೇ ರೂಮು ಹಿಡಿಯಿರಿ. ಬ್ಯಾಡಗಿ ಕಡೆಯವರು ಮೆಣಸಿನಕಾಯಿ ಹಂಗಾಮಿನಲ್ಲಿ, ಗದಗಿನವರು ಉಳ್ಳಾಗಡ್ಡಿ ಕೀಳುವಾಗ ತಾರೀಖು ಹಿಡಿಯಬೇಡಿ. ಜೊತೆಗೆ ಬರುವವರು ಯಾರು ಅಂತ ಮೊದಲೇ ಗೊತ್ತು ಮಾಡಿ. ಒಬ್ಬರ ಮೇಲೆ ಎಲ್ಲ ಬಿಟ್ಟರೆ ಎರಡನೇ ವಾರಕ್ಕೆ ತಪ್ಪುತ್ತದೆ. ನಮ್ಮಲ್ಲಿ ವಾರದ ಮೂರು ದಿನ ನಾನು, ಎರಡು ದಿನ ಮಾಮಾ.

ಹೆಜ್ಜೆ 8: ಮೊದಲ ದಿನ

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ. ಬೆಳಿಗ್ಗೆ ತಲೆ ತೊಳೆದು ಒಣಗಿಸಿ, ಎಣ್ಣೆ ಹಚ್ಚಬೇಡಿ. ಅಳತೆ ಗುರುತು ಹಾಕುವ ಬಟ್ಟೆಯ ಟೋಪಿ ಎಣ್ಣೆ ತಲೆಯ ಮೇಲೆ ಜಾರುತ್ತದೆ. ನಾಷ್ಟಾ ಮಾಡಿ, ಗುಳಿಗೆ ಯಾವತ್ತಿನಂತೆ. ಕಿವಿಯೋಲೆ, ಮೂಗುತಿ, ಹೇರ್‌ಪಿನ್, ಕನ್ನಡಕ, ಕೊರಳ ಸರ, ತಾಯತ ತೆಗೆಯಬೇಕು. ತಾಯತ ತೆಗೆಯಲು ನಮ್ಮ ಅವ್ವ ಒಪ್ಪಲಿಲ್ಲ. ಕೊನೆಗೆ ಬಿಚ್ಚಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಗೆ ಕೂತಳು. ಲಿಂಗದ ಬೆಳ್ಳಿ ಕರಡಿಗೆ ಇದ್ದವರು ಮೊದಲೇ ಹೇಳಿ, ಮನೆಯವರ ಕೈಯಲ್ಲಿ ಗೌರವದಿಂದ ಇಟ್ಟುಕೊಳ್ಳಬಹುದು. ಮೊಬೈಲು, ವಾಚು, ಎಟಿಎಂ ಕಾರ್ಡು ಸುರುಳಿಯ ಹತ್ತಿರ ಬೇಡ.

ಮೊದಲ ದಿನ ಹೊತ್ತು ಜಾಸ್ತಿ ಹಿಡಿಯುತ್ತದೆ. ಪ್ರತಿಯೊಬ್ಬರ ಮಿದುಳಿಗೆ ಎಷ್ಟು ಜೋರು ಬೇಕು ಅಂತ ಅಳೆಯುವುದು ಆ ದಿನ. ಅದನ್ನು ನೋಡಲೇಬೇಕು. ಸುರುಳಿಯನ್ನು ತಲೆಯ ಎಡಗಡೆ, ಬಲಗೈಯನ್ನು ಆಡಿಸುವ ಭಾಗದ ಮೇಲೆ ಇಡುತ್ತಾರೆ. "ಅಣ್ಣಾರ, ಕೈ ಸಡ್ಲ ಬಿಡ್ರಿ" ಅಂದರು ಟೆಕ್ನೀಷಿಯನ್. ತಮ್ಮನ ಬಲಗೈ ದಿಂಬಿನ ಮೇಲೆ ಅಂಗಾತ ಇತ್ತು. ಟಕ್. ಏನೂ ಇಲ್ಲ. ಬೆರಳಷ್ಟು ಸರಿಸಿದರು. ಟಕ್. ತೋರುಬೆರಳು ಅಲುಗಿತು. ಇನ್ನೊಂಚೂರು ಸರಿಸಿದರು. ಟಕ್. ಹೆಬ್ಬೆರಳು ಒಳಗೆ ಎಳೆದು ಬಿಟ್ಟಿತು. "ನಾ ಅಲ್ಲಾಡ್ಸಿಲ್ಲಕ್ಕಾ, ತಾನ ಕುಣೀತೈತಿ ನೋಡು" ಅಂದ. ಹತ್ತು ತಟ್ಟಿನಲ್ಲಿ ಐದು ಸಲವಾದರೂ ಹೆಬ್ಬೆರಳು ಅಲುಗುವ ಅತಿ ಕಡಿಮೆ ಜೋರನ್ನು ಹುಡುಕುತ್ತಾರೆ. ಅದು ಅವರ ಮಿತಿ. ಚಿಕಿತ್ಸೆಯ ಜೋರನ್ನು ಅದರ ಶೇಕಡಾ ಇಷ್ಟು ಅಂತ ಲೆಕ್ಕ ಹಾಕುತ್ತಾರೆ, ದನಿಗಳಿಗೆ ಸಾಮಾನ್ಯವಾಗಿ ಶೇ. 90ರ ಆಸುಪಾಸು. ಮಧ್ಯದಲ್ಲಿ ಗುಳಿಗೆ ಬದಲಾದರೆ ಈ ಮಿತಿಯೂ ಬದಲಾಗಬಹುದು, ಮತ್ತೆ ಅಳೆಯಬೇಕು. ಆ ಅಂಕಿಯನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಆಮೇಲೆ ಟೋಪಿಯ ಮೇಲೆ ಗುರುತು ಹಾಕಿ ಸುರುಳಿಯನ್ನು ಚಿಕಿತ್ಸೆಯ ಜಾಗಕ್ಕೆ ತರುತ್ತಾರೆ.

ಹೆಜ್ಜೆ 9: ದಿನದ ಸಿಟ್ಟಿಂಗ್

ಕಿವಿಗೆ ಬೆಂಡು (ಇಯರ್‌ಪ್ಲಗ್) ಹಾಕಿಸಿ. ಇದರಲ್ಲಿ ರಾಜಿ ಬೇಡ. ಸುರುಳಿಯ ಸದ್ದು ಕಿವಿಯ ಪಕ್ಕದಲ್ಲೇ ಆಗುವುದರಿಂದ ಕಿವಿಗೆ ಪೆಟ್ಟಾಗಬಹುದು. ಒಂದು ದಿನ ಗಡಿಬಿಡಿಯಲ್ಲಿ ಹಾಕಲು ಮರೆತಿದ್ದರು, ನಾನೇ ನೆನಪಿಸಿದೆ. ದನಿಗಳಿಗೆ ಕೊಡುವ ನಿಧಾನ ತಟ್ಟು 20 ನಿಮಿಷ ನಡೆದರೆ ಒಟ್ಟು 1200 ತಟ್ಟು. ಮಂಕುತನಕ್ಕೆ ಕೊಡುವ ವೇಗದ ತಟ್ಟು ಕೆಲವು ಸೆಕೆಂಡು ಟಟಟಟ ಅಂತ ಬಂದು, ನಿಂತು, ಮತ್ತೆ ಬರುತ್ತದೆ. ಥೀಟಾ ಬರ್ಸ್ಟ್ ಅನ್ನುವ ಹೊಸ ಬಗೆಯಲ್ಲಿ ಎಲ್ಲ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ನೆತ್ತಿಯ ಮೇಲೆ ಬೆರಳಿನಿಂದ ಟೊಕ್ಕೆ ಹೊಡೆದಂತೆ ಆಗುತ್ತದೆ. ಕೆಲವರಿಗೆ ದವಡೆ, ಹುಬ್ಬು ಅಲುಗುತ್ತದೆ. ತಲೆ ಅಲುಗಿಸಬಾರದು, ನಿದ್ದೆ ಹೋಗಬಾರದು. ಸುರುಳಿ ಜಾರಿದ್ದು ಕಂಡರೆ ಹೇಳಿ.

ಮುಗಿದ ಮೇಲೆ ಒಂದಷ್ಟು ಜನರಿಗೆ ತಲೆನೋವು ಬರುತ್ತದೆ, ಮೊದಲ ವಾರ ಜಾಸ್ತಿ. ಡಾಕ್ಟರು ಹೇಳಿದ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಕಿವಿಯಲ್ಲಿ ಗುಂಯ್ ಅನ್ನುವುದು ಮರುದಿನವೂ ಉಳಿದರೆ ತಿಳಿಸಿ. ತಲೆ ಸುತ್ತು ಬಂದರೆ ಅಲ್ಲೇ ಅರ್ಧ ಗಂಟೆ ಕೂರಿಸಿ. ಫಿಟ್ಸ್ ಬಂದರೆ ಅದು ಬರುವುದು ಹೆಚ್ಚಾಗಿ ಸಿಟ್ಟಿಂಗ್ ನಡೆಯುವಾಗಲೇ, ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಒಂದುವೇಳೆ ಮನೆಯಲ್ಲಿ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಈರುಳ್ಳಿ-ಚಪ್ಪಲಿ ಮೂಸಿಸಬೇಡಿ. ಐದು ನಿಮಿಷ ದಾಟಿದರೆ 108. ಅದರ ನಂತರ ಡಾಕ್ಟರು ಹೇಳುವವರೆಗೆ ಸಿಟ್ಟಿಂಗ್ ನಿಲ್ಲಿಸಿ.

ಚಿಕಿತ್ಸೆ ನಡೆಯುವ ದಿನಗಳಲ್ಲಿ ಕುಡಿತ ಬೇಡವೇ ಬೇಡ. ರಾತ್ರಿ ನಿದ್ದೆ ಬರದಿದ್ದರೆ ಬೆಳಿಗ್ಗೆ ಮುಚ್ಚಿಡದೆ ಹೇಳಿ, ಆ ದಿನ ಸಿಟ್ಟಿಂಗ್ ಬಿಟ್ಟರೂ ಪರವಾಗಿಲ್ಲ.

ಹೆಜ್ಜೆ 10: ಮುಗಿದ ಮೇಲೆ

ಮೊದಲ ವಾರ ಏನೂ ಕಾಣದಿದ್ದರೆ ಗಾಬರಿ ಬೇಡ. ನಮ್ಮ ಪುಸ್ತಕದಲ್ಲಿ ಮೊದಲ ಏಳು ಸಿಟ್ಟಿಂಗ್ ಅಂಕಿ ಅಲುಗಲಿಲ್ಲ. ಎರಡನೇ ವಾರದ ಕೊನೆಗೆ ತ್ರಾಸಿನ ಅಂಕಿ 8ರಿಂದ 6ಕ್ಕೆ ಬಂತು, ಮುಗಿಯುವಾಗ 4. ದನಿಗಳು ಪೂರ್ತಿ ಹೋಗಲಿಲ್ಲ. ಇಬ್ಬರಲ್ಲಿ ಒಬ್ಬನ ದನಿ ದೂರ ಹೋಯಿತು, "ಓಣಿ ಆ ಕಡೆಯಿಂದ ಮಾತಾಡಿದಂಗ" ಅಂದ. ರಾತ್ರಿ ಟಿವಿ ಸದ್ದು ಸಣ್ಣದಾಯಿತು. ಅದರಲ್ಲಿ ಯಂತ್ರದ ಪಾಲು ಎಷ್ಟು, ದಿನಾ ಒಂದು ಹೊತ್ತಿಗೆ ಎದ್ದು, ತಯಾರಾಗಿ, ಜನರ ನಡುವೆ ಹೋಗಿ ಬಂದದ್ದರ ಪಾಲು ಎಷ್ಟು ಅಂತ ಬೇರ್ಪಡಿಸಲು ನನ್ನಿಂದಾಗುವುದಿಲ್ಲ. ನಿಮ್ಮಲ್ಲಿ ಇದಕ್ಕಿಂತ ಹೆಚ್ಚು ಆಗಬಹುದು, ಏನೂ ಆಗದೆಯೂ ಇರಬಹುದು.

ಆದ ಲಾಭ ಕೆಲವು ವಾರ, ಕೆಲವು ತಿಂಗಳು ಇದ್ದು ಕರಗುವುದುಂಟು. ಅದಕ್ಕೇ ಪುಸ್ತಕ ನಿಲ್ಲಿಸಬೇಡಿ, ದಿನಾ ಬದಲು ವಾರಕ್ಕೆರಡು ಸಲ ಬರೆದರೂ ಸಾಕು. ನಮ್ಮಲ್ಲಿ ಮೂರನೇ ತಿಂಗಳಿಗೆ ಅಂಕಿ 5ಕ್ಕೆ ಏರಿತು, ಅಲ್ಲೇ ನಿಂತಿದೆ. ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ.

ಆಸ್ಪತ್ರೆಯಿಂದ ಚಿಕಿತ್ಸೆಯ ವಿವರ ಬರೆಸಿಕೊಂಡು ಬನ್ನಿ. ತಲೆಯ ಜಾಗ, ಮಿತಿಯ ಅಂಕಿ, ಸೆಕೆಂಡಿಗೆ ಎಷ್ಟು ತಟ್ಟು, ಒಟ್ಟು ಸಿಟ್ಟಿಂಗ್, ಮೊದಲು ಮತ್ತು ಕೊನೆಗೆ ಹಾಕಿದ ಅಂಕಗಳು. ನಿಮ್ಮ ದಾಖಲೆ ನೋಡುವ ಹಕ್ಕು ಕಾಯ್ದೆಯಲ್ಲೇ ಇದೆ. ದನಿಗಳು ಮತ್ತೆ ಏರಿದರೆ, ಇನ್ನೊಂದು ಸುತ್ತು ಕೊಡಬೇಕೋ ಬೇಡವೋ ಅಂತ ಡಾಕ್ಟರು ನೋಡುವುದು ಈ ಹಾಳೆಯನ್ನೇ. ಮೊದಲ ಸುತ್ತಿನಲ್ಲಿ ಸ್ಪಷ್ಟ ಲಾಭ ಕಂಡವರಿಗೆ ಎರಡನೆಯದನ್ನು ಯೋಚಿಸುವುದು ಸರಿ. ಏನೂ ಕಾಣದವರು ಅದೇ ಜಾಗಕ್ಕೆ ಅದೇ ತಟ್ಟನ್ನು ಸಾಲ ಮಾಡಿ ಮತ್ತೆ ಮಾಡಿಸಬೇಡಿ. ಆ ಹಣ ರಕ್ತ ಪರೀಕ್ಷೆಗೆ, ಕೌನ್ಸೆಲಿಂಗ್‌ಗೆ, ಕೆಲಸ ಕಲಿಸುವ ತರಬೇತಿಗೆ ಹೋಗಲಿ. ಅಂಗವಿಕಲರ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಅದನ್ನೂ ಕೇಳಿ. 2016ರ ಕಾಯ್ದೆಯಡಿ ಮಾನಸಿಕ ಕಾಯಿಲೆಯೂ ಅದರಲ್ಲಿ ಸೇರಿದೆ. ಅದೇ ಆಸ್ಪತ್ರೆಯ ಓಡಾಟದಲ್ಲೇ ಆ ಕೆಲಸವನ್ನೂ ಮುಗಿಸಿಕೊಳ್ಳಬಹುದು.